ಪತ್ತೇದಾರಿ ಕಥೆ: ಗುಟ್ಟು ಬಯಲಾಗುವ ಮೊದಲೇ ನಿಲ್ಲಿಸಿ
ಹಳೆಯ ಪತ್ತೇದಾರಿ ಸಣ್ಣಕಥೆಗಳನ್ನು ಗುಂಪಾಗಿ ಓದುತ್ತೀರಾದರೆ ಹೀಗೆ ಮಾಡಿ ನೋಡಿ: ಪತ್ತೇದಾರ ಗುಟ್ಟು ಬಿಡಿಸಲು ಶುರು ಮಾಡುವ ಮುಂಚೆಯೇ ಎಲ್ಲರೂ ಓದು ನಿಲ್ಲಿಸಿ, ಯಾರ ಮೇಲೆ ಅನುಮಾನ, ಕಥೆಯ ಯಾವ ಸಾಲಿನಿಂದ ಆ ಅನುಮಾನ ಬಂತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಕೊನೆ ಓದಿ. ಬರೆದಿಡದಿದ್ದರೆ ಉತ್ತರ ತಿಳಿದ ಮೇಲೆ ಎಲ್ಲರಿಗೂ "ನಂಗೆ ಆಗ್ಲೇ ಗೊತ್ತಿತ್ತು" ಅನ್ನಿಸಿಬಿಡುತ್ತದೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಚೀಟಿ ಕೈಯಲ್ಲಿದ್ದರೆ ಲೇಖಕ ನಮ್ಮ ಕಣ್ಣಿಗೆ ಮಣ್ಣೆರಚಿದ್ದು ಎಲ್ಲಿ ಅಂತ ಸಾಲು ಹಿಡಿದು ತೋರಿಸಬಹುದು. ಶುರುವಿಗೆ ಷರ್ಲಾಕ್ ಹೋಮ್ಸ್‌ನ 'ಸಿಲ್ವರ್ ಬ್ಲೇಜ್' (1892) ಕಥೆ ಒಳ್ಳೆಯದು. ರಾತ್ರಿ ನಾಯಿ ಏನೂ ಮಾಡಲಿಲ್ಲ ಅನ್ನುವ ಮಾತು ಬರುತ್ತದಲ್ವಾ, ಅಲ್ಲಿ ನಿಲ್ಲಿಸಿ. ಅಷ್ಟರಲ್ಲಿ ಮಸಾಲೆ ಹಾಕಿದ ಮಾಂಸದೂಟ, ಪುಟ್ಟ ಚಾಕು, ಹೆಂಗಸರ ಬಟ್ಟೆ ಕೊಂಡ ಬಿಲ್, ಕುಂಟುವ ಕುರಿಗಳು, ಹೀಗೆ ಸುಳಿವುಗಳೆಲ್ಲ ಬಂದುಹೋಗಿರುತ್ತವೆ. ಚೀಟಿಯಲ್ಲಿ ಸುಳಿವು ಅಂತ ನಾಯಿಯನ್ನು ಜಾಸ್ತಿ ಜನ ಬರೆಯುತ್ತಾರೆ. ಕುರಿ ಬರೆದವರು ಸಿಕ್ಕರೆ ಮೊದಲು ಅವರ ಚೀಟಿ ಓದಿಸಿ. ಎಲ್ಲ ಕಥೆಗೂ ಈ ಉಪಾಯ ನಡೆಯುವುದಿಲ್ಲ. ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ, ರೂ ಮೋರ್ಗ್ ಅನ್ನುವ ಬೀದಿಯ ಕೊಲೆಗಳ ಕಥೆಯಲ್ಲಿ ಮುಖ್ಯ ಸುಳಿವುಗಳು ಹೊರಬರುವುದೇ ವಿವರಣೆ ಕೊಡುವಾಗ, ಮುಂಚೆ ಊಹಿಸಿ ಅಂದರೆ ಸುಮ್ನೆ ತಲೆನೋವು. ಅಂಥ ಕಥೆಯನ್ನು ನೇರವಾಗಿ ಓದಿಬಿಡಿ. ಇನ್ನು ಗುಂಪಿನಲ್ಲಿ ಯಾರಾದರೂ ಕಥೆ ಮೊದಲೇ ಓದಿದ್ದರೆ ಅವರಿಗೆ ಚೀಟಿ ಬೇಡ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಅವರೇ ಹೇಳಲಿ.