ಗುತ್ತಿಗೆ ಬಿಟ್ಟು ಪೌರಕಾರ್ಮಿಕರನ್ನು ಪಾಲಿಕೆಗೇ ಸೇರಿಸಿಕೊಳ್ಳುವುದು ಹೇಗೆ?

ಬೆಳಿಗ್ಗೆ ನಿಮ್ಮ ಬೀದಿ ಗುಡಿಸುವ ಹೆಂಗಸಿಗೆ ಸಂಬಳ ಕೊಡುವವರು ಯಾರು? ಬೆಂಗಳೂರಿನಲ್ಲಿ ಎಷ್ಟೋ ವರ್ಷ ಇದಕ್ಕೆ ಉತ್ತರ ‘ಗುತ್ತಿಗೆದಾರರು’ ಎಂದೇ ಇತ್ತು. 2025ರ ಮೇ 1ರಂದು, ಕಾರ್ಮಿಕರ ದಿನವೇ, ಅಲ್ಲಿನ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ಸಿಕ್ಕಿತು. ಬೇರೆ ಊರಿನವರೂ ಈ ದಾರಿ ಹಿಡಿಯಬೇಕೆಂದರೆ ಬೆಂಗಳೂರು ಪಟ್ಟ ಪಾಡನ್ನು ನೋಡಿಯೇ ಹೊರಡಬೇಕು.

ಮೊದಲು ಕೆಲಸ ಎಂಥದ್ದು ಎಂದು ನೋಡಿ. ಚರಂಡಿ ಕಟ್ಟುವುದು ಕೆಲವು ತಿಂಗಳ ಕೆಲಸ, ಗುತ್ತಿಗೆ ಕೊಡಬಹುದು. ಕಸ ಗುಡಿಸುವುದು ದಿನಾ ಇದ್ದೇ ಇರುತ್ತದೆ, ಅಲ್ವಾ? ಗುತ್ತಿಗೆ ನಿಷೇಧಿಸುವ ಮುಂಚೆ ಕೆಲಸ ವರ್ಷಪೂರ್ತಿ ನಡೆಯುವಂಥದ್ದೇ ಎಂದು ನೋಡಬೇಕು ಅಂತ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಹೇಳುತ್ತಿತ್ತು.

ಆಮೇಲೆ ತಲೆ ಎಣಿಸಿ. ಜಾಸ್ತಿ ಕಷ್ಟ ಇರುವುದು ಇಲ್ಲೇ. ಗುತ್ತಿಗೆಯಲ್ಲಿ ಪಾಲಿಕೆ ದುಡ್ಡು ಕೊಡುವುದು ಪಟ್ಟಿಯಲ್ಲಿರುವ ಹೆಸರಿಗೆ. ಬೀದಿಯಲ್ಲಿ ಅಷ್ಟು ಜನ ಇದ್ದಾರಾ ಎಂಬುದು ಬೇರೆ ಮಾತು. ಬೆಂಗಳೂರಿನಲ್ಲಿ ಬಯೋಮೆಟ್ರಿಕ್ ಹಾಜರಿ ತಂದಾಗ ಕಾಗದದ ಲೆಕ್ಕಕ್ಕೂ ಪೊರಕೆ ಹಿಡಿದವರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಗುತ್ತಿಗೆ ಪದ್ಧತಿ ಕೈಬಿಡಲು ನನಗಂತೂ ಇದೊಂದೇ ಕಾರಣ ಸಾಕು. ಆದರೆ ಬೋಗಸ್ ಹೆಸರು ತೆಗೆಯುವ ಭರದಲ್ಲಿ ದುಡಿದವರ ಹೆಸರೇ ಬಿಟ್ಟುಹೋಗಬಾರದು. ಹಾಜರಿ ಹಾಕುವ ಜಾಗದಲ್ಲೇ, ಕಾರ್ಮಿಕರ ಎದುರಿಗೇ ಪಟ್ಟಿ ಓದಿ. ತಪ್ಪಿದ್ದರೆ ಅವರೇ ಹೇಳುತ್ತಾರೆ.

ಪಟ್ಟಿ ಸರಿಯಾದ ಮೇಲೆ ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿ. ಬೆಂಗಳೂರಿನಲ್ಲಿ ನೇರ ಪಾವತಿ 2018ರಲ್ಲಿ ಬಂತು. ಮಧ್ಯವರ್ತಿ ಹೋದರು, ಆದರೆ ದಾಖಲೆ ಗೊಂದಲದಲ್ಲಿ ಕೆಲವರಿಗೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. ದಿನದ ದುಡಿಮೆಯಲ್ಲೇ ಒಲೆ ಹೊತ್ತುವ ಮನೆಗೆ ಇದು ಸಣ್ಣ ಪೆಟ್ಟಲ್ಲ. ಹಾಗಾಗಿ ಎರಡು ಮೂರು ತಿಂಗಳ ಸಂಬಳದ ಹಣ ಮೊದಲೇ ತೆಗೆದಿಡಿ. ದಾಖಲೆ ತಿದ್ದುವುದು ನಡೆಯುತ್ತಿರಲಿ, ಸಂಬಳ ಮಾತ್ರ ನಿಲ್ಲದಿರಲಿ.

ನೇರ ಪಾವತಿ ಸಿಕ್ಕ ಮಾತ್ರಕ್ಕೆ ಕೆಲಸ ಖಾಯಂ ಆಗುವುದಿಲ್ಲ. ಹುದ್ದೆಗಳನ್ನು ಸರ್ಕಾರ ಮಂಜೂರು ಮಾಡಬೇಕು. ಇದಕ್ಕಾಗಿಯೇ 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಹುದ್ದೆಯ ಕಡತವನ್ನು ಸಂಬಳದ ಕಡತದ ಜೊತೆಗೇ ಕಳಿಸಿ.

ಆಟೋ ಟಿಪ್ಪರ್ ಚಾಲಕರು, ಸಹಾಯಕರು, ಲೋಡರ್‌ಗಳನ್ನೂ ಪೌರಕಾರ್ಮಿಕರನ್ನು ಎಣಿಸುವ ದಿನವೇ ಎಣಿಸಿ. ಗುಡಿಸಿದ ಕಸ ಸಾಗಿಸುವವರು ಅವರೇ. ಬೆಂಗಳೂರಿನಲ್ಲಿ ಅವರನ್ನು ಗುತ್ತಿಗೆಯಲ್ಲೇ ಬಿಟ್ಟಿದ್ದರಿಂದ ಆ ಮುಷ್ಕರದಲ್ಲಿ ಅವರದ್ದೂ ಇದೇ ಬೇಡಿಕೆ ಇತ್ತು.