ಎಮ್ಮೆಯ ಕೊಂಬನ್ನು ಹದ ಮಾಡಿ ಹೊಳಪು ಕೊಡುವುದು ಹೇಗೆ?

ಜಿಂಕೆಯ ಕವಲುಗೊಂಬು ಪೂರ್ತಿ ಮೂಳೆ. ಎಮ್ಮೆಯ ಕೊಂಬು ಹಾಗಲ್ಲ. ಒಳಗೆ ಮೂಳೆಯ ತಿರುಳು, ಅದರ ಮೇಲೆ ನಮ್ಮ ಉಗುರಿನದೇ ಜಾತಿಯ ಕೆರಾಟಿನ್ ಕವಚ. ಬೇಕಾದ್ದು ಈ ಕವಚ. ಉಗುರಿನಂತೆಯೇ ಅದು ಬಿಸಿನೀರಿಗೆ ಮೆತ್ತಗಾಗುತ್ತದೆ, ಪದರ ಪದರವಾಗಿ ಏಳಲೂಬಹುದು.

ಮೊದಲು ತಿರುಳು ಬಿಡಿಸಿ. ಹಸಿ ಕೊಂಬನ್ನು ಮುಳುಗುವಷ್ಟು ನೀರಿನಲ್ಲಿ ಸುಮಾರು ಮುಕ್ಕಾಲು ಗಂಟೆ ಕುದಿಸಿ, ಕೈಗವಸು ತೊಟ್ಟು, ಬಿಸಿಯಿರುವಾಗಲೇ ಮರದ ದಿಮ್ಮಿಗೆ ತಟ್ಟಿದರೆ ಜಾರಿ ಬರುತ್ತದೆ. ಬಾರದಿದ್ದರೆ ಬಲ ಹಾಕಬೇಡಿ, ಕವಚ ಸೀಳುತ್ತದೆ. ಎರಡು ಮೂರು ವಾರ ನೀರಿನಲ್ಲಿ ನೆನೆಹಾಕಿ, ನಾತ ಬರುತ್ತದೆ, ಆದರೆ ತಿರುಳು ತಾನಾಗಿ ಸಡಿಲವಾಗುತ್ತದೆ. ಒಳಗಿನ ಪೊರೆಯನ್ನು ಪೂರ್ತಿ ಕೆರೆದು ತೆಗೆಯಿರಿ. ಉಳಿದರೆ ಹುಳು ಹಿಡಿಯುತ್ತದೆ. ಒಣಗಿಸುವುದು ನೆರಳಿನಲ್ಲೇ. ಬಿಸಿಲಿನಲ್ಲಿ ಹೊರಪದರ ಒಳಗಿನದಕ್ಕಿಂತ ಬೇಗ ಕುಗ್ಗಿ ಬಿರುಕು ಬಿಡುತ್ತದೆ.

ತುದಿಯ ಗಟ್ಟಿ ಭಾಗ ಚಾಕುವಿನ ಹಿಡಿಗೆ, ಅಂಗಿಯ ಗುಂಡಿಗೆ. ಟೊಳ್ಳು ಭಾಗ ಬಾಚಣಿಗೆಗೆ, ಚಮಚಕ್ಕೆ. ಸಣ್ಣ ಹಲ್ಲಿನ ಹ್ಯಾಕ್ಸಾದಿಂದ ಕೊಯ್ಯಿರಿ. ಬಾಚಣಿಗೆಯ ಹಲ್ಲುಗಳು ಕೊಂಬಿನ ಉದ್ದಕ್ಕೇ ಬರಬೇಕು, ಅಡ್ಡ ಕೊಯ್ದರೆ ಮುರಿಯುತ್ತವೆ.

ಟೊಳ್ಳು ಭಾಗವನ್ನು ಚಪ್ಪಟೆ ಮಾಡುವಲ್ಲೇ ಹೆಚ್ಚಿನವರು ಎಡವುವುದು. ಉದ್ದಕ್ಕೆ ಸೀಳಿದ 3-4 ಮಿ.ಮೀ. ದಪ್ಪದ ತುಂಡನ್ನು ಅರ್ಧ ಗಂಟೆ ಕುದಿಸಿ, ಎರಡು ಕಬ್ಬಿಣದ ತಟ್ಟೆಗಳ ನಡುವೆ ಇಟ್ಟು ಕ್ಲ್ಯಾಂಪ್ ಬಿಗಿಯಿರಿ. ತಟ್ಟೆಗಳೂ ಬಿಸಿಯಾಗಿರಲಿ. ತಣ್ಣನೆಯ ಲೋಹ ತಗುಲಿದ ಕೂಡಲೇ ಕೊಂಬು ಗಡುಸಾಗುತ್ತದೆ, ಆಮೇಲೆ ಬಿಗಿದರೆ ಸೀಳು ಬೀಳುತ್ತದೆ. ಒಮ್ಮೆಗೇ ಒತ್ತದೆ, ಸ್ವಲ್ಪ ಬಗ್ಗಿಸಿ, ಮತ್ತೆ ಕುದಿಸಿ, ಮತ್ತೆ ಬಗ್ಗಿಸಿ. ಕೊನೆಯ ಬಿಗಿತದಲ್ಲಿ ಒಂದು ರಾತ್ರಿ ಬಿಡಿ. ಬೆಂಕಿಗೆ ನೇರ ಹಿಡಿಯಬೇಡಿ: ಕೂದಲು ಸುಟ್ಟ ವಾಸನೆ ಬಂದರೆ ಆ ಜಾಗ ಬೆಂದು ಪೆಡಸಾಯಿತು ಎಂದೇ ಅರ್ಥ, ಅದನ್ನು ಕತ್ತರಿಸಿ ಬಿಸಾಡಬೇಕು.

ಅರದಿಂದ ಆಕಾರ ಕೊಟ್ಟ ಮೇಲೆ ಉಪ್ಪುಕಾಗದದಿಂದ (ಸ್ಯಾಂಡ್‌ಪೇಪರ್) 120, 220, 400, 600, 1000 ಕ್ರಮದಲ್ಲಿ ಉಜ್ಜಿ; ಅಂಕಿ ಹೆಚ್ಚಿದಷ್ಟೂ ಕಾಗದ ನಯ. 220ರ ನಂತರ ನೀರು ಹಾಕಿ, ನೀರಿಗೆ ಹಾಳಾಗದ ವಾಟರ್ ಪೇಪರ್ ಬಳಸಿದರೆ ದೂಳೂ ಏಳದು, ಕೊಂಬೂ ಕಾಯದು. ಒಣ ಉಜ್ಜುವಾಗ ಎನ್95 ಮುಖಗವಸು ಬೇಕೇ ಬೇಕು. ಒಂದು ಅಂಕಿಯನ್ನು ಹಾರಿಸಿದರೂ ಹಿಂದಿನ ಗೀರು ಹೊಳಪಿನಲ್ಲಿ ಎದ್ದು ಕಾಣುತ್ತದೆ.

ಚಾಕುವಿನ ಹಿಡಿ ಮಾಡುವಾಗ ಲೋಹಕ್ಕೆ ಅಂಟುವ ಮುಖವನ್ನು ಮಾತ್ರ ನುಣುಪು ಮಾಡಬೇಡಿ. 80ರ ಕಾಗದದಿಂದ ಗೀರಿ, ಅಸಿಟೋನ್‌ನಿಂದ ಜಿಡ್ಡು ಒರೆಸಿ ಎಪಾಕ್ಸಿ ಅಂಟು ಹಚ್ಚಿ. 3 ಮಿ.ಮೀ. ಹಿತ್ತಾಳೆ ಪಿನ್ನಿಗೆ ರಂಧ್ರ ಕೂದಲೆಳೆಯಷ್ಟು ಸಡಿಲವಿರಲಿ. ಬಡಿದು ತೂರಿಸಿದರೆ ಕೊಂಬು ಸೀಳುತ್ತದೆ.

ಹಿತ್ತಾಳೆ ಬೆಳಗುವ ಪಾಲಿಶ್‌ನಿಂದ ಬಟ್ಟೆಯಲ್ಲಿ ತಿಕ್ಕಿ, ಒರೆಸಿ, ಎರಡು ಹನಿ ಮಿನರಲ್ ಆಯಿಲ್ ಸವರಿ. ಕಪ್ಪು ಆಳವಾಗಿ ಮೂಡುತ್ತದೆ. ಸಿದ್ಧವಾದ ಬಾಚಣಿಗೆಯನ್ನು ಬಿಸಿನೀರಿನಲ್ಲಿ ತೊಳೆಯಬೇಡಿ. ಕೊಂಬು ತನ್ನ ಹಳೆಯ ಬಾಗಿಗೆ ಮರಳತೊಡಗುತ್ತದೆ.