ಅಂಗಳದ ಕೆಳಗಿನ ಪೈಪೂ ನಿಮ್ಮದೇ

ಅಮೆರಿಕದಲ್ಲಿ ಮನೆ ಕೊಳ್ಳುವಾಗ ನಮ್ಮವರು ಸ್ಕೂಲ್ ನೋಡುತ್ತಾರೆ, ಬಾಗಿಲು ಪೂರ್ವಕ್ಕಿದೆಯಾ ನೋಡುತ್ತಾರೆ. ನೆಲದಡಿಯ ಪೈಪಿನ ಮಾತು ಯಾರೂ ಎತ್ತುವುದಿಲ್ಲ. ನಾವೂ ಎತ್ತಲಿಲ್ಲ.

ಒಹಾಯೋದಲ್ಲಿ ನಾವು ಕೊಂಡಿದ್ದು 1950ರ ದಶಕದ ಮನೆ. ಮೊದಲ ದೀಪಾವಳಿ. ಬೆಳಿಗ್ಗೆ ಆರು ಜನರ ಎಣ್ಣೆ ಸ್ನಾನ, ಮಧ್ಯಾಹ್ನ ಹಬ್ಬದ ಅಡುಗೆ. ಸಂಜೆ ವಾಷಿಂಗ್ ಮಷೀನ್ ನೀರು ಬಿಟ್ಟಿದ್ದೇ ತಡ, ಬೇಸ್‌ಮೆಂಟಿನ ನೆಲದ ಜಾಲರಿಯಿಂದ ಬೂದು ನೀರು ಗುಳುಗುಳು ಅಂತ ಮೇಲೆ ಬಂತು. ಅದರಲ್ಲಿ ಎರಡು ಕರಿಬೇವಿನ ಎಲೆ ತೇಲುತ್ತಿದ್ದವು.

ಬೆಂಗಳೂರಲ್ಲಿ ಚೇಂಬರ್ ಕಟ್ಟಿಕೊಂಡರೆ ಜಲಮಂಡಳಿಗೆ ಫೋನ್ ಮಾಡುತ್ತಿದ್ದೆವು. ಅದೇ ಅಭ್ಯಾಸದಲ್ಲಿ ಸಿಟಿಗೆ ಫೋನ್ ಮಾಡಿದೆ. ರಸ್ತೆಯಡಿಯ ಮೇನ್, ಅಂದರೆ ಊರಿನ ದೊಡ್ಡ ಕೊಳಚೆ ಪೈಪ್, ಸರಿಯಿದೆ, ಉಳಿದಿದ್ದು ನಿಮ್ಮದು ಅಂದರು. ಇಲ್ಲಿನ ಎಷ್ಟೋ ಊರುಗಳಲ್ಲಿ ಮನೆಯಿಂದ ಮೇನ್‌ವರೆಗಿನ ಸೀವರ್ ಪೈಪ್, ಅಂದರೆ ಲ್ಯಾಟರಲ್, ಮನೆಯವರದ್ದೇ. ರಿಪೇರಿ ಖರ್ಚೂ ಅವರದ್ದೇ. ಒಳಗೆ ಉಕ್ಕಿದ ಕೊಳಚೆಗೂ ಮಾಮೂಲಿ ಹೋಮ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಸೀವರ್ ಬ್ಯಾಕಪ್ ಅಂತ ಬೇರೆಯೇ ಸೇರಿಸಿಕೊಳ್ಳಬೇಕು.

ಪ್ಲಂಬರ್ ಕ್ಯಾಮೆರಾ ಇಳಿಸಿ ತೋರಿಸಿದ. ಹಳೇ ಮಣ್ಣಿನ ಪೈಪು. ಜಾಯಿಂಟುಗಳಲ್ಲಿ ಮೇಪಲ್ ಮರದ ಬೇರು ಬಿಚ್ಚಿದ ಜಡೆ ಥರ ಇಳಿಬಿದ್ದಿತ್ತು. ಅದಕ್ಕೆ ನಮ್ಮ ಒಗ್ಗರಣೆ ಎಣ್ಣೆ, ತುಪ್ಪ ಎಲ್ಲಾ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಹಳೇ ಮನೆ ಕೊಳ್ಳುವವರು ಈ ಕ್ಯಾಮೆರಾ ಪರೀಕ್ಷೆಯನ್ನು ಮೊದಲೇ ಮಾಡಿಸಿ. ಮಾಮೂಲಿ ಇನ್‌ಸ್ಪೆಕ್ಷನ್‌ನಲ್ಲಿ ಅದು ಸೇರಿರುವುದಿಲ್ಲ. ನೂರಾರು ಡಾಲರ್ ಹೋಗುತ್ತೆ ನಿಜ, ಆದರೆ ಅಂಗಳ ಅಗೆಸಿದರೆ ಲೆಕ್ಕ ಸಾವಿರಗಳಲ್ಲಿ.

ಈಗ ಕರಿದ ಎಣ್ಣೆ ಹಳೇ ಡಬ್ಬಿಗೆ, ಆರಿದ ಮೇಲೆ ಕಸಕ್ಕೆ. ಬಾಣಲೆ ಒರೆಸಿಯೇ ತೊಳೆಯುವುದು. ಸಿಂಕಿನಡಿ ಎಂಜಲು ಅರೆಯುವ ಡಿಸ್ಪೋಸಲ್ ಮಷೀನ್ ಎಲ್ಲಾ ನುಂಗುತ್ತೆ ಅಂತ ನಂಬಬೇಡಿ. ಅನ್ನ ಒಳಗೇ ಉಬ್ಬುತ್ತೆ, ನುಗ್ಗೆಕಾಯಿ ಸಿಪ್ಪೆ, ತೆಂಗಿನ ನಾರು ಸುತ್ತಿಕೊಳ್ಳುತ್ತೆ. ಫ್ಲಶ್ ಮಾಡಬಹುದು ಅಂತ ಬರೆದಿರೋ ವೈಪ್ಸ್ ಕೂಡ ಬೇಡ. ಬರೆದವರೇನು ನಿಮ್ಮ ಪೈಪ್ ಕ್ಲೀನ್ ಮಾಡೋಕೆ ಬರ್ತಾರಾ?

ನೀರಿನ ಲೈನಿಗೆ ಭಯ ಚಳಿಯದ್ದು. ಮೇನ್ ವಾಲ್ವ್ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಚಳಿಗೆ ಮುಂಚೆಯೇ ಹೊರಗಿನ ನಲ್ಲಿಯ ಹೋಸ್ ಬಿಚ್ಚಿಡಿ. ಬಿಚ್ಚದಿದ್ದರೆ ನೀರು ಒಳಗೇ ನಿಂತು ಹೆಪ್ಪುಗಟ್ಟಿ ಪೈಪ್ ಸೀಳುತ್ತೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ದುಡ್ಡು ಉಳಿಯುತ್ತೆ ಅಂತ ಮನೆ ಬೆಚ್ಚಗಿಡೋ ಹೀಟರ್ ಆಫ್ ಮಾಡಬೇಡಿ. 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸದೆ, ಮೇನ್ ವಾಲ್ವ್ ಮುಚ್ಚಿ ಹೊರಡಿ. ಕರಿಬೇವಿನ ಗಿಡ ನೆಡೋಕೆ ಅಂಗಳ ಅಗೆಯುವುದಿದ್ದರೂ ಮೊದಲು 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟು ಎಲ್ಲೆಲ್ಲಿ ಹೋಗಿದೆ ಅಂತ ಪುಕ್ಕಟೆಯಾಗಿ ಗುರುತು ಹಾಕಿಸಿಕೊಡುತ್ತಾರೆ. ಆ ಗಿಡ ಇಲ್ಲಿನ ಚಳಿಗೆ ಉಳಿಯಲ್ಲ, ಅದು ಬೇರೆ ಮಾತು!

ಇಲ್ಲಿನ ಸಂಪ್ ನಮ್ಮ ಸಂಪಲ್ಲ. ಮನೆಯ ಬುಡಕ್ಕೆ ಬರೋ ಮಳೆನೀರು ಆ ಗುಂಡಿಗೆ ಇಳಿಯುತ್ತೆ, ಪಂಪ್ ಅದನ್ನು ಹೊರಗೆ ಚೆಲ್ಲುತ್ತೆ. ಗುಡುಗು ಮಳೆಯಲ್ಲಿ ಕರೆಂಟ್ ಹೋದರೆ ಪಂಪೂ ನಿಲ್ಲುತ್ತೆ, ಹಾಗಾಗಿ ಬ್ಯಾಟರಿ ಬೇಕು. ಮಳೆಗಾಲಕ್ಕೆ ಮುಂಚೆ ಒಂದು ಬಕೆಟ್ ನೀರು ಸುರಿದು ಓಡುತ್ತಾ ನೋಡಿ. ನಾನು ಹಾಗೆ ಸುರಿಯುತ್ತಿದ್ದಾಗ ಊರಿಂದ ಬಂದಿದ್ದ ಅಮ್ಮ ಮೆಟ್ಟಿಲ ಮೇಲಿಂದ ಕೂಗಿದರು: "ಸಂಪ್ ತುಂಬಿತಾ? ಟ್ಯಾಂಕಿಗೆ ಮೋಟರ್ ಹಾಕ್ಲಾ?"